ಹೊಸ ಬಿಡಿಭಾಗ ಹಾಕಿಸಿದ ಹಳೆಯ ಎಂಟಿಬಿ ಸೈಕಲ್ಲನ್ನು ಮಾರುವುದು ಹೇಗೆ?

1990ರ ದಶಕದ, ಉಕ್ಕಿನ ಫ್ರೇಮಿನ, 26 ಇಂಚು ಚಕ್ರದ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲೊಂದನ್ನು ಜೋಪಾನವಾಗಿ ಇಟ್ಟುಕೊಂಡು, ಅದಕ್ಕೆ ಹೊಸ ಗೇರು, ಬ್ರೇಕು, ಹ್ಯಾಂಡಲ್ ಹಾಕಿಸಿದವರಿಗೆ ಮಾರುವ ಹೊತ್ತಿನಲ್ಲಿ ಎದುರಾಗುವ ದೊಡ್ಡ ತೊಡಕೆಂದರೆ, ಹಾಕಿದ ದುಡ್ಡು ಕೇಳುವ ಬೆಲೆಯಲ್ಲಿ ಹಿಂದಿರುಗುವುದಿಲ್ಲ. ಹಳೆಯ ಸೈಕಲ್ಲುಗಳನ್ನು ಸಂಗ್ರಹಿಸುವವರು ಮೂಲ ಭಾಗಗಳೇ ಬೇಕೆನ್ನುತ್ತಾರೆ. ದಿನವೂ ಓಡಿಸಲು ಕೊಳ್ಳುವವರು ವಯಸ್ಸು ಕೇಳಿಯೇ ಹಿಂಜರಿಯುತ್ತಾರೆ. ಆದ್ದರಿಂದ ಜಾಹೀರಾತು ಹಾಕುವ ಮೊದಲೇ ಇಬ್ಬರಲ್ಲಿ ಯಾರಿಗೆ ಮಾರುವುದೆಂದು ತೀರ್ಮಾನಿಸಿ, ಸೈಕಲ್ಲನ್ನು ಅದಕ್ಕೆ ತಕ್ಕಂತೆ ಸಜ್ಜುಗೊಳಿಸಬೇಕು.

ಗುರುತು ಹಚ್ಚುವುದು

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕ್ರ್ಯಾಂಕಿನ (ಪೆಡಲು ಹಿಡಿದ ತೋಳಿನ) ಆಕ್ಸೆಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಅಡಿಭಾಗವನ್ನು ಒರೆಸಿದರೆ ಹೆಚ್ಚಿನ ಸೈಕಲ್ಲುಗಳಲ್ಲಿ ಫ್ರೇಮಿನ ಸಂಖ್ಯೆ ಕಾಣಿಸುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಸೀಟಿನ ಕೊಳವೆಯ ಮೇಲೆ 4130 ಅಥವಾ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಎಂಬ ಸ್ಟಿಕರ್ ಉಳಿದಿದ್ದರೆ ಅದನ್ನು ಕೆರೆಯದೆ ಹಾಗೆಯೇ ಬಿಡಬೇಕು, ಏಕೆಂದರೆ ಸಾಧಾರಣ ಉಕ್ಕಿನ ಫ್ರೇಮಿಗೂ ಹಗುರವಾದ ಕ್ರೋಮೋಲಿ ಫ್ರೇಮಿಗೂ ಬೆಲೆಯಲ್ಲಿರುವ ಅಂತರಕ್ಕೆ ಮೇಲ್ನೋಟಕ್ಕೆ ಸಿಗುವ ಸಾಕ್ಷಿ ಅದೊಂದೇ. ಜಪಾನಿನ ಶಿಮಾನೊ ಕಂಪನಿಯ ಹಳೆಯ ಬಿಡಿಭಾಗಗಳ ಹಿಂಬದಿಯಲ್ಲಿ ಇಂಗ್ಲಿಷಿನ ಎರಡು ಅಕ್ಷರಗಳನ್ನು ಒತ್ತಿರುತ್ತಾರೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. 1976ಕ್ಕೆ ‘ಎ’ ಎಂದು ಲೆಕ್ಕ ಹಿಡಿದರೆ ‘ಆರ್’ ಅಂದರೆ 1993, ಹಾಗಾಗಿ ‘ಆರ್‌ಸಿ’ ಎಂದಿದ್ದರೆ ಅದು 1993ರ ಮಾರ್ಚ್ ತಿಂಗಳಲ್ಲಿ ತಯಾರಾದದ್ದು. 2002ರಲ್ಲಿ ಮತ್ತೆ ‘ಎ’ಯಿಂದ ಎಣಿಕೆ ಶುರುವಾಗುತ್ತದೆ. ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಹಾಕಿದ್ದು ಎಂಬುದನ್ನು ಈ ಅಕ್ಷರಗಳಿಂದ ತಕ್ಕಮಟ್ಟಿಗೆ ಬಿಡಿಸಬಹುದು.

ಉಪ್ಪುಗಾಳಿಯ ಪರೀಕ್ಷೆ

ಪಣಂಬೂರು, ಸುರತ್ಕಲ್, ಮಲ್ಪೆಯಂಥ ಕಡಲ ಬದಿಯ ಊರುಗಳಲ್ಲಿ ಇದ್ದ ಸೈಕಲ್ಲಿಗೆ ಈ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ; ಬೆಂಗಳೂರಿನಿಂದ ವಿಚಾರಿಸುವ ತಿಳಿವಳಿಕಸ್ಥರು ಮೊದಲು ಕೇಳುವುದೂ ತುಕ್ಕಿನ ಬಗ್ಗೆಯೇ. ಸೀಟ್ ಪೋಸ್ಟನ್ನು ಸಡಿಲಿಸಿ ಪೂರ್ತಿ ಹೊರಗೆಳೆದು ನೋಡಬೇಕು. ಅಲ್ಯೂಮಿನಿಯಂ ಪೋಸ್ಟು ಉಕ್ಕಿನ ಕೊಳವೆಯೊಳಗೆ ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕುಳಿತರೆ, ಎರಡು ಲೋಹಗಳ ನಡುವೆ ಉಪ್ಪಿನ ತೇವ ಸೇರಿ ಅದು ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಬಹುದು. ಬಲವಂತವಾಗಿ ತಿರುಚಿದರೆ ಫ್ರೇಮೇ ಹೋದೀತು. ಹೊರಬರದಿದ್ದರೆ ಆ ವಿಷಯವನ್ನು ಜಾಹೀರಾತಿನಲ್ಲಿ ಬರೆಯುವುದೇ ಸರಿ, ಏಕೆಂದರೆ ಎತ್ತರ ಹೊಂದಿಸಲಾಗದ ಸೈಕಲ್ಲು ಕೊಳ್ಳುವವರ ಪಾಲಿಗೆ ಅರ್ಧ ನಿಷ್ಪ್ರಯೋಜಕ.

ಪೋಸ್ಟು ತೆಗೆದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಕಂದು ಪುಡಿ ಮೇಲ್ಮೈಯಲ್ಲಷ್ಟೇ ಇದ್ದರೆ ಚಿಂತೆಯಿಲ್ಲ, ಚಕ್ಕೆಗಳಾಗಿ ಉದುರುತ್ತಿದ್ದರೆ ಗಮನಿಸಬೇಕು. ಬಣ್ಣ ಗುಳ್ಳೆಯೆದ್ದ ಕಡೆ ಹೆಬ್ಬೆರಳಿನಿಂದ ಒತ್ತಿ, ಹ್ಯಾಂಡಲಿನ ಕೊಳವೆಗೆ ಕೆಳಗಿನ ಕೊಳವೆ ಕೂಡುವ ಬೆಸುಗೆಯ ಹತ್ತಿರ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬಿಸಿಲಿನಲ್ಲಿ ನೋಡಬೇಕು. ಅಲ್ಲಿ ಬಿರುಕಿದ್ದರೆ ಓಡಿಸುವ ಸೈಕಲ್ಲೆಂದು ಮಾರುವುದು ಸರ್ವಥಾ ಸಲ್ಲದು.

ಯಾವುದನ್ನು ಉಳಿಸುವುದು, ಯಾವುದನ್ನು ಕಳಚುವುದು

ಬದಲಾವಣೆಗಳಲ್ಲಿ ಕೆಲವು ಬೆಲೆ ಹೆಚ್ಚಿಸುತ್ತವೆ, ಕೆಲವು ಕೊಳ್ಳುವವರನ್ನು ಓಡಿಸುತ್ತವೆ. ಪೆಡಲಿನ ಬಳಿ ಒಂದೇ ಹಲ್ಲುಚಕ್ರ, ಹಿಂದೆ ಸಣ್ಣದರಿಂದ ತೀರ ದೊಡ್ಡದರವರೆಗೆ ಹಲ್ಲುಚಕ್ರಗಳಿರುವ ಕ್ಯಾಸೆಟ್ ಹಾಕಿದ ಸೈಕಲ್ಲು ಮಣಿಪಾಲದ ಏರಿನಲ್ಲಿ ನಿರಾಳವಾಗಿ ಹೋಗುವುದರಿಂದ ಅಂಥದ್ದನ್ನು ಓಡಿಸುವವರಿಗೆ ಹಾಗೆಯೇ ಕೊಡಬಹುದು. ಹಳೆಯ ಕ್ಯಾಂಟಿಲಿವರ್ ಬ್ರೇಕಿನ ಜಾಗಕ್ಕೆ ವಿ-ಬ್ರೇಕ್ (ಉದ್ದ ತೋಳಿನ ರಿಮ್ ಬ್ರೇಕು) ಹಾಕಿದ್ದರೆ ಲಿವರನ್ನೂ ಬದಲಿಸಿರಬೇಕು. ಎರಡೂ ಎಳೆಯುವ ಕೇಬಲ್ಲಿನ ಅಳತೆ ಬೇರೆ. ಹಳೆಯ ಲಿವರ್ ಉಳಿದಿದ್ದರೆ ಅದು ಪೂರ್ತಿ ಅದುಮಿ ಹ್ಯಾಂಡಲಿಗೆ ತಾಗಿದರೂ ಬ್ರೇಕು ಸಾಕಷ್ಟು ಹಿಡಿಯದು, ಅಂಥದ್ದನ್ನು ಸರಿಪಡಿಸದೆ ಯಾರ ಕೈಗೂ ಕೊಡಬಾರದು. ಸಸ್ಪೆನ್ಷನ್ ಇಲ್ಲದ ಫೋರ್ಕಿಗಾಗಿ (ಮುಂದಿನ ಚಕ್ರ ಹಿಡಿಯುವ ಕವಲಿಗಾಗಿ) ರೂಪಿಸಿದ ಫ್ರೇಮಿಗೆ 100 ಮಿ.ಮೀ. ಕುಗ್ಗುವ ಉದ್ದನೆಯ ಸಸ್ಪೆನ್ಷನ್ ಫೋರ್ಕ್ ಕೂರಿಸಿದ್ದರೆ ಮುಂಭಾಗ ಎತ್ತರವಾಗಿ ಹ್ಯಾಂಡಲ್ ತೂಗಾಡುತ್ತದೆ, ಬೆಸುಗೆಯ ಮೇಲೆ ಒತ್ತಡವೂ ಹೆಚ್ಚುತ್ತದೆ. ಮೂಲ ಫೋರ್ಕನ್ನು ಮರಳಿ ಹಾಕುವುದೇ ಇದಕ್ಕೆ ಪರಿಹಾರ.

ಸಂಗ್ರಾಹಕರಿಗೆ ಮಾರುವುದಾದರೆ ಮೂಲ ಶಿಫ್ಟರು (ಗೇರು ಬದಲಿಸುವ ಹಿಡಿ), ಕ್ರ್ಯಾಂಕು, ಬ್ರೇಕುಗಳನ್ನು ಮರಳಿ ಜೋಡಿಸಿ, ಹೊಸ ಭಾಗಗಳನ್ನು ಬಿಡಿಯಾಗಿ ಮಾರುವುದು ಲಾಭದಾಯಕ. ಓಡಿಸುವವರಿಗೆ ಮಾರುವುದಾದರೂ ಕಳಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಕೊಟ್ಟರೆ ಬೆಲೆಗೆ ಬಲ ಬರುತ್ತದೆ.

ಬೆಲೆ ಮತ್ತು ಜಾಹೀರಾತು

ಟಯರು, ಚೈನು, ಕೇಬಲ್ಲು ಮತ್ತು ಮೆಕ್ಯಾನಿಕ್ಕಿನ ಕೂಲಿಯನ್ನು ಬೆಲೆಗೆ ಸೇರಿಸಬಾರದು. ಅವು ಸೈಕಲ್ಲು ಓಡುವ ಸ್ಥಿತಿಯಲ್ಲಿರಲು ಆದ ಖರ್ಚು. ವಿದೇಶಿ ಜಾಲತಾಣಗಳಲ್ಲಿ ಜನ ಕೇಳುವ ಬೆಲೆಯೂ ಇಲ್ಲಿ ಅಳತೆಗೋಲಾಗದು. ನೀವು ಕೇಳುವ ಹಣಕ್ಕೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಎಂಥ ಹೊಸ ಗೇರ್ ಸೈಕಲ್ಲು ಸಿಗುತ್ತದೆ ಎಂದು ನೋಡಿಬಂದರೆ ವ್ಯವಹಾರದ ಗಡಿ ಗೊತ್ತಾಗುತ್ತದೆ. ಮಳೆಗಾಲ ಕಳೆದ ಅಕ್ಟೋಬರಿನಲ್ಲಿ ಕೊಳ್ಳುವವರ ಉತ್ಸಾಹ ಹೆಚ್ಚು. ಜೂನ್, ಜುಲೈಯಲ್ಲಿ ಮಾರಲೇಬೇಕಾದರೆ ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳನ್ನು ನೆಚ್ಚಬಹುದು.

ಫೋಟೊಗಳನ್ನು ಬೆಳಗಿನ ಬೆಳಕಿನಲ್ಲಿ, ಖಾಲಿ ಮುರಕಲ್ಲಿನ ಗೋಡೆಯ ಮುಂದೆ, ಚೈನಿರುವ ಬದಿಯಿಂದ ತೆಗೆಯಬೇಕು. ಗೀರು, ತಗ್ಗು, ತುಕ್ಕುಗಳನ್ನು ಹತ್ತಿರದಿಂದ ಪ್ರತ್ಯೇಕ ತೋರಿಸಬೇಕು. ಬರಹ ಹೀಗಿರಲಿ: “ಕ್ರೋಮೋಲಿ ಫ್ರೇಮ್, ಸೀಟಿನ ಕೊಳವೆ 18 ಇಂಚು, 5 ಅಡಿ 8 ಇಂಚು ಎತ್ತರದವರಿಗೆ ಹೊಂದುತ್ತದೆ. ಬದಲಿಸಿದ್ದು: ಗೇರು, ವಿ-ಬ್ರೇಕ್ ಲಿವರ್ ಸಹಿತ. ಮೂಲ ಭಾಗಗಳು ಪೆಟ್ಟಿಗೆಯಲ್ಲಿವೆ. ಸೀಟ್ ಪೋಸ್ಟ್ ಸಲೀಸಾಗಿ ಜಾರುತ್ತದೆ. ಫೋರ್ಕಿನ ಬಲಗಾಲಿನ ಮೇಲೆ ಗೀರು ಇದೆ.” ಎತ್ತರ ಬರೆಯದಿದ್ದರೆ ಅದೊಂದು ಪ್ರಶ್ನೆಗೇ ಹತ್ತಾರು ಸಲ ಉತ್ತರ ಕೊಡಬೇಕಾಗುತ್ತದೆ.

ಕೈ ಬದಲಾಗುವಾಗ

ಓಡಿಸಿ ನೋಡಲು ಮಂಗಳೂರಿನ ಕದ್ರಿ ಗುಡ್ಡದಂಥ ಏರು-ಇಳಿಜಾರಿನ ಜಾಗ ಸೂಕ್ತ. ಗೇರು ಮತ್ತು ಬ್ರೇಕು ಎರಡೂ ಅಲ್ಲಿ ಬಯಲಾಗುತ್ತವೆ. ಬಂದವರು ತಮ್ಮ ವಾಹನವನ್ನು ಭದ್ರತೆಗೆಂದು ನಿಮ್ಮ ಬಳಿ ಬಿಟ್ಟು ಸೈಕಲ್ಲು ಓಡಿಸಿ ಬರಲೆಂದು ವಿನಯದಿಂದಲೇ ಕೇಳಬಹುದು. ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ. ಮುಂಗಡ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿಸುವವರು ನಿಮ್ಮ ಖಾತೆಯಿಂದಲೇ ಹಣ ಎಳೆಯುತ್ತಾರೆ. ಹಾಗೇನಾದರೂ ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಮಾರಿದ ದಿನಾಂಕ, ಮೊತ್ತ, ಫ್ರೇಮ್ ಸಂಖ್ಯೆ ಮತ್ತು ಇಬ್ಬರ ಸಹಿ ಇರುವ ಒಂದು ಹಾಳೆಯ ಎರಡು ಪ್ರತಿ ಇಬ್ಬರನ್ನೂ ಕಾಯುತ್ತದೆ.

ಪರವೂರಿಗೆ ಪಾರ್ಸೆಲ್ ಕಳಿಸುವುದಾದರೆ ಪೆಡಲುಗಳನ್ನು ಕಳಚಬೇಕು. ಎಡ ಪೆಡಲಿನ ತಿರುಪು ಉಲ್ಟಾ ಇರುವುದರಿಂದ ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕಾಗುತ್ತದೆ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ತುದಿಗಳ ನಡುವೆ 100 ಮಿ.ಮೀ. ಅಗಲದ ಮರದ ತುಂಡನ್ನು ಬಿಗಿಯಾಗಿ ಕಟ್ಟಿ, ಡಿರೇಲರಿಗೆ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ದಪ್ಪ ರಟ್ಟು ಸುತ್ತಿದರೆ ದಾರಿಯ ಪೆಟ್ಟಿಗೆ ಎರಡೂ ಬಾಗದೆ ಉಳಿಯುತ್ತವೆ.