ಗೇಮ್ ಕೊಂಡ ಮೊದಲ ಎರಡು ಗಂಟೆಯಲ್ಲಿ ಮಾಡಬೇಕಾದ ಕೆಲಸ

ನನಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಉಳಿದ ಹೊತ್ತಿನಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಗೇಮ್ ಆಡಲು ಕೂತಾಗ ಮಾತ್ರ ಪೇಚಾಟ. ತಲೆ ಮೇಲೆ ಕೆಂಪು ಗುರುತು ಇದ್ದವನು ಶತ್ರು, ಹಸಿರು ಇದ್ದವನು ನಮ್ಮವನು. ಯಾರು ಯಾರೆಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಗುಂಡು ಬಿದ್ದಿರುತ್ತದೆ.

ನಾನು ತುಂಬಾ ಆಡುತ್ತಿದ್ದ ಒಂದು ಗೇಮ್‌ಗೆ ಯಾರೋ ಪುಣ್ಯಾತ್ಮರು ಪುಟ್ಟ 'ಮಾಡ್' (ಗೇಮನ್ನು ನಮಗೆ ಬೇಕಾದ ಹಾಗೆ ಬದಲಿಸುವ ಫೈಲ್) ಮಾಡಿದ್ದರು. ಎರಡೇ ಫೈಲ್. ಗೇಮ್ ಫೋಲ್ಡರ್‌ಗೆ ಹಾಕಿದರೆ ಕೆಂಪು ಗುರುತೆಲ್ಲ ನೀಲಿ. ವರ್ಷಗಟ್ಟಲೆ ಆರಾಮಾಗಿ ಆಡಿದೆ. ಆಮೇಲೆ ಅದರ ಹೊಸ ಆವೃತ್ತಿ ಬೇರೊಂದು ಸ್ಟೋರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು, ಕೊಂಡೆ. ಆ ಎರಡು ಫೈಲ್ ಹಾಕೋಣ ಅಂತ ಫೋಲ್ಡರ್ ತೆರೆಯಲು ಹೋದರೆ 'ನಿಮಗೆ ಅನುಮತಿ ಇಲ್ಲ' ಅಂತು. ಕಂಪ್ಯೂಟರ್ ನನ್ನದು, ಅಡ್ಮಿನ್ ನಾನೇ, ದುಡ್ಡು ಕೊಟ್ಟವನೂ ನಾನೇ. ಆ ಸ್ಟೋರ್‌ನವರಿಗೆ ಬರೆದೆ. 'ಗೇಮ್ ಫೈಲ್ ಬದಲಿಸಲು ಅವಕಾಶವಿಲ್ಲ' ಅಂತ ಎರಡು ಸಾಲಿನ ಉತ್ತರ ಬಂತು.

ಹೀಗೆ ಗೇಮ್ ಫೈಲ್‌ಗಳಿಗೆ ಬೀಗ ಹಾಕುವ 'ಮುಚ್ಚಿದ' ಸ್ಟೋರ್‌ನ ತೊಂದರೆಯೇ ಇದು. ಕೊಳ್ಳುವ ದಿನ ಏನೂ ಗೊತ್ತಾಗುವುದಿಲ್ಲ. ಅಂಗಡಿಯವನು ಯೋಚಿಸಿರದ ಏನನ್ನೋ ಮಾಡಲು ಹೊರಟ ದಿನ ಗೊತ್ತಾಗುತ್ತದೆ. ಅಷ್ಟರಲ್ಲಿ ದುಡ್ಡು ವಾಪಸ್ ಕೇಳುವ ಗಡುವು ಮುಗಿದಿರುತ್ತದೆ. ಅದಕ್ಕೇ ನಾನೀಗ ಹೊಸ ಗೇಮ್ ಕೊಂಡರೆ ಮೊದಲು ಆಡುವುದಿಲ್ಲ, ಪರೀಕ್ಷೆ ಮಾಡುತ್ತೇನೆ. ಸ್ಟೀಮ್‌ನಲ್ಲಿ (ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ) ಕೊಂಡು 14 ದಿನ ಆಗಿರದಿದ್ದರೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ಕೆಳಗೆ ಹೇಳುವ ಪರೀಕ್ಷೆಗಳಿಗೆ ಅಷ್ಟು ಸಮಯ ಧಾರಾಳ.

ಮೊದಲು ಕಂಪ್ಯೂಟರನ್ನೇ ನೋಡಿ

ಒಂದು ಸ್ಟೋರ್‌ಗೆ ಬೀಗ ಇದ್ದರೆ ಪಕ್ಕದ ಸ್ಟೋರ್‌ಗೆ ಹೋಗಬಹುದು. ಬೀದಿಗೇ ಬೀಗ ಬಿದ್ದಿದ್ದರೆ ಎಲ್ಲಿಗೆ ಹೋಗುತ್ತೀರಿ? ಹೊಸ ಲ್ಯಾಪ್‌ಟಾಪ್ ತಂದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಅಬೌಟ್ ತೆರೆಯಿರಿ. ವಿಂಡೋಸ್ ಹೆಸರಿನ ಪಕ್ಕ 'ಎಸ್ ಮೋಡ್' ಅಂತ ಇದೆಯಾ? ಇದ್ದರೆ ಆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟು ಬೇರೇನೂ ಇನ್‌ಸ್ಟಾಲ್ ಆಗುವುದಿಲ್ಲ. ಸ್ಟೀಮ್ ಕೂಡ ಇಲ್ಲ.

ಇದರಿಂದ ಹೊರಗೆ ಬರಲು ದುಡ್ಡು ಕೊಡಬೇಕಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್‌ಗೆ ಹೋಗಿ. ಅಲ್ಲಿ 'ವಿಂಡೋಸ್ ಹೋಮ್‌ಗೆ ಬದಲಿಸಿ' ಅನ್ನುವ ಭಾಗ ಇರುತ್ತದೆ. ಅದರ ಹತ್ತಿರವೇ 'ಅಪ್‌ಗ್ರೇಡ್' ಅನ್ನುವ ಭಾಗವೂ ಕಾಣಿಸಬಹುದು. ಎರಡರಲ್ಲೂ ಸ್ಟೋರ್‌ಗೆ ಹೋಗುವ ಲಿಂಕ್ ಇರುತ್ತದೆ. ಅಪ್‌ಗ್ರೇಡ್‌ನದ್ದು ಒತ್ತಬೇಡಿ, ಅದು ಬೇರೆ ವ್ಯವಹಾರ. ಒಮ್ಮೆ ಎಸ್ ಮೋಡ್ ಬಿಟ್ಟರೆ ಮತ್ತೆ ಅದಕ್ಕೆ ಮರಳಲು ಆಗುವುದಿಲ್ಲ. ಗೇಮ್ ಆಡುವವರು ಯಾರೂ ಮರಳಲು ಬಯಸುವುದಿಲ್ಲ ಬಿಡಿ.

ಎಸ್ ಮೋಡ್ ಇಲ್ಲದಿದ್ದರೂ ಇನ್ನೊಂದು ಕಡೆ ಕಣ್ಣು ಹಾಯಿಸಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಭಾಗದಲ್ಲಿ 'ಆ್ಯಪ್ ಎಲ್ಲಿಂದ ತರಬಹುದು' ಅನ್ನುವ ಆಯ್ಕೆ ಇದೆ. ಅದು 'ಎಲ್ಲಿಂದಾದರೂ' ಅಂತ ಇರಲಿ.

ಇಷ್ಟಕ್ಕೆಲ್ಲ ಯಾಕೆ ಹೆದರಬೇಕು ಅಂತ ಕೆಲವರು ಕೇಳುತ್ತಾರೆ. ಹಿಂದೆ ಆಗಿದ್ದನ್ನು ನೋಡಿ. 2012ರಲ್ಲಿ ವಿಂಡೋಸ್ 8 ಜೊತೆ ಮೈಕ್ರೋಸಾಫ್ಟ್ ತನ್ನದೇ ಸ್ಟೋರ್ ತರಲು ಹೊರಟಾಗ ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್, ಇದು ಪಿಸಿ ಲೋಕಕ್ಕೇ ದೊಡ್ಡ ಅನಾಹುತ ಅಂತ ಬಹಿರಂಗವಾಗಿ ಹೇಳಿದರು. ಅವರಿಗೆ ತಮ್ಮ ಸ್ಟೀಮ್ ವ್ಯಾಪಾರದ ಚಿಂತೆಯೂ ಇತ್ತು ಅನ್ನಿ. 2016ರಲ್ಲಿ ಎಪಿಕ್ ಅನ್ನುವ ಗೇಮ್ ಕಂಪನಿಯ ಮುಖ್ಯಸ್ಥ ಟಿಮ್ ಸ್ವೀನಿ, ಪಿಸಿ ಗೇಮ್‌ಗಳನ್ನು ಮೈಕ್ರೋಸಾಫ್ಟ್ ತನ್ನ ಸ್ಟೋರ್ ಒಳಗೇ ಕಟ್ಟಿಹಾಕುತ್ತದೆ ಅನ್ನುವ ಭಯವನ್ನು ಪತ್ರಿಕೆಯಲ್ಲಿ ಬರೆದರು. ಆ ವರ್ಷ ವಿಂಡೋಸ್ ಸ್ಟೋರ್‌ಗೆ ಬಂದ ದೊಡ್ಡ ಗೇಮ್‌ಗಳ ಫೋಲ್ಡರ್‌ಗೆ ಬೀಗ. ಮಾಡ್ ಹಾಕಲು ದಾರಿಯಿಲ್ಲ, ವಿ-ಸಿಂಕ್ (ಗೇಮ್‌ನ ವೇಗವನ್ನು ಪರದೆಯ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಆಫ್ ಮಾಡಲು ಮೊದಮೊದಲು ಆಗುತ್ತಿರಲಿಲ್ಲ. ಆ ವರ್ಷದ ಕಾಲ್ ಆಫ್ ಡ್ಯೂಟಿಯನ್ನು ಅಲ್ಲಿ ಕೊಂಡವರಿಗಂತೂ ಸ್ಟೀಮ್‌ನಲ್ಲಿ ಕೊಂಡವರ ಜೊತೆ ಆಡಲೂ ಆಗಲಿಲ್ಲ. ಗೇಮ್ ಒಂದೇ, ಕಂಪ್ಯೂಟರ್ ಒಂದೇ ಥರದ್ದು, ಆದರೂ ಮಧ್ಯೆ ಗೋಡೆ. ಜನ ಅತ್ತ ಸುಳಿಯಲಿಲ್ಲ. ಕೊನೆಗೆ 2019ರಲ್ಲಿ ಮೈಕ್ರೋಸಾಫ್ಟ್ ಮಾಮೂಲಿ ವಿಂಡೋಸ್ ಗೇಮ್‌ಗಳಿಗೂ ತನ್ನ ಸ್ಟೋರ್ ತೆರೆಯುವುದಾಗಿ, ತನ್ನ ಗೇಮ್‌ಗಳನ್ನು ಸ್ಟೀಮ್‌ಗೂ ಕೊಡುವುದಾಗಿ ಹೇಳಿತು.

ಅಂದರೆ ಆ ಸಲ ಬಾಗಿಲು ಮುಚ್ಚಲಿಲ್ಲ. ಆದರೆ ಬಾಗಿಲು ಯಾವತ್ತೂ ಒಂದೇ ಏಟಿಗೆ ಮುಚ್ಚುವುದಿಲ್ಲ ಅಲ್ವಾ? ಆ್ಯಪಲ್‌ನ ಮ್ಯಾಕ್ ನೋಡಿ. ಗುರುತಿಲ್ಲದ ಆ್ಯಪ್‌ಗೆ ರೈಟ್ ಕ್ಲಿಕ್ ಮಾಡಿ 'ಓಪನ್' ಅಂದರೆ ಸಾಕಿತ್ತು. 2024ರ ಮ್ಯಾಕ್ ಆವೃತ್ತಿ ಸಿಕೋಯಾದಲ್ಲಿ ಆ ಅಡ್ಡದಾರಿ ತೆಗೆದರು. ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಭಾಗ ಹುಡುಕಿ ಒಪ್ಪಿಗೆ ಕೊಡಬೇಕು. ಆ್ಯಂಡ್ರಾಯ್ಡ್‌ನಲ್ಲಿ ಹೊರಗಿನಿಂದ ಹಾಕುವ ಆ್ಯಪ್‌ಗಳ ತಯಾರಕರೂ ತನ್ನ ಬಳಿ ಗುರುತು ಖಚಿತಪಡಿಸಬೇಕು ಅಂತ ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಎರಡಕ್ಕೂ ಸುರಕ್ಷತೆಯ ಕಾರಣ ಇದೆ, ಸುಳ್ಳಲ್ಲ. ಆದರೂ ಪ್ರತಿ ಸಲ ಒಂದೊಂದು ಹೆಜ್ಜೆ ಜಾಸ್ತಿಯಾಗುತ್ತಿದೆ.

ಕೊಳ್ಳುವ ಮುಂಚೆ ಬಲಗಡೆ ಓದಿ

ಸ್ಟೀಮ್‌ನಲ್ಲಿ ಗೇಮ್ ಪುಟದ ಬಲಗಡೆ ಪುಟ್ಟ ಪೆಟ್ಟಿಗೆಗಳಿರುತ್ತವೆ. ಬೇರೆ ಕಂಪನಿಯ ಅಕೌಂಟ್ ಬೇಕು, ಡೆನುವೋ ಥರದ ಡಿಆರ್‌ಎಂ (ಕಾಪಿ ತಡೆಯುವ ಬೀಗ) ಇದೆ, ಕರ್ನಲ್ ಮಟ್ಟದ (ವಿಂಡೋಸ್‌ನ ಒಳಪದರಕ್ಕೇ ಇಳಿಯುವ) ಆ್ಯಂಟಿ-ಚೀಟ್, ಅಂದರೆ ಮೋಸ ತಡೆಯುವ ಪ್ರೋಗ್ರಾಂ, ಇದೆ ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಟ್ರೇಲರ್ ನೋಡುವ ಭರದಲ್ಲಿ ಯಾರೂ ಓದುವುದಿಲ್ಲ. ಒಬ್ಬರೇ ಆಡುವ ಗೇಮ್‌ಗೆ ಇನ್ನೊಂದು ಕಂಪನಿಯ ಅಕೌಂಟ್ ಕೇಳಿದರೆ ನಾನು ಅಲ್ಲಿಗೇ ನಿಲ್ಲುತ್ತೇನೆ. ಆ ಕಂಪನಿ ನಾಳೆ ಸರ್ವರ್ ಆಫ್ ಮಾಡಿದರೆ ನನ್ನ ಗೇಮೂ ಆಫ್. ಯೂಬಿಸಾಫ್ಟ್‌ನ ದಿ ಕ್ರೂ ಹಾಗೇ ಆಯಿತು. 2014ರ ಕಾರು ಗೇಮ್. ಒಬ್ಬರೇ ಆಡುವಂಥ ಕಥೆಯೂ ಅದರಲ್ಲಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ದುಡ್ಡು ಕೊಟ್ಟು ಕೊಂಡವರ ಗೇಮ್ ಸುಮ್ನೆ ಡಿಸ್ಕ್‌ನಲ್ಲಿ ಕೂತಿತು.

ಹಳೆಯ ಗೇಮ್ ಆದರೆ ಪಿಸಿ ಗೇಮಿಂಗ್ ವಿಕಿಯಲ್ಲಿ ಹೆಸರು ಹುಡುಕಿ. ಯಾವ ಸ್ಟೋರ್‌ನ ಪ್ರತಿಗೆ ಯಾವ ಬೀಗ, ಸೇವ್ ಎಲ್ಲಿ ಕೂರುತ್ತದೆ, ಎಲ್ಲ ಅಲ್ಲಿದೆ.

ಫೋಲ್ಡರ್ ಪರೀಕ್ಷೆ

ಗೇಮ್ ಇನ್‌ಸ್ಟಾಲ್ ಆಯಿತು. ಈಗ ಸ್ಟೀಮ್ ಲೈಬ್ರರಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಬ್ರೌಸ್ ಲೋಕಲ್ ಫೈಲ್ಸ್. ಫೋಲ್ಡರ್ ತೆರೆಯುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಈಗ ಬಹಳಷ್ಟು ಗೇಮ್‌ಗಳು ಸಿ ಡ್ರೈವ್‌ನ ಎಕ್ಸ್‌ಬಾಕ್ಸ್‌ಗೇಮ್ಸ್ ಅನ್ನುವ ಫೋಲ್ಡರ್‌ಗೆ ಬೀಳುತ್ತವೆ. 2016ಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ, ಒಪ್ಪಬೇಕು.

ಫೋಲ್ಡರ್ ಒಳಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ ನೋಡಿ. ಆಯಿತಾ? ಅಳಿಸಿ. ಅಷ್ಟು ಆದರೆ ಮಾಡ್ ಹಾಕಲು ಜಾಗವಂತೂ ಇದೆ. ಆಮೇಲೆ ಸ್ಟೀಮನ್ನು ಪೂರ್ತಿ ಮುಚ್ಚಿ. ಮೂಲೆಯ ಗುಣಾಕಾರ ಗುರುತು ಒತ್ತಿದರೆ ಅದು ಮುಚ್ಚುವುದಿಲ್ಲ, ಗಡಿಯಾರದ ಪಕ್ಕ ಅಡಗಿ ಕೂರುತ್ತದೆ. ಮೆನುವಿನಿಂದ ಎಕ್ಸಿಟ್ ಕೊಡಿ. ಈಗ ಫೋಲ್ಡರ್‌ನಲ್ಲಿರುವ ಗೇಮ್‌ನ ಇಎಕ್ಸ್‌ಇ ಫೈಲನ್ನೇ ಡಬಲ್ ಕ್ಲಿಕ್ ಮಾಡಿ. ಗೇಮ್ ನೇರವಾಗಿ ಶುರುವಾದರೆ ಖುಷಿಪಡಿ. ಆ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಟ್ಟರೆ ಸ್ಟೀಮ್ ಇಲ್ಲದೆಯೂ ನಡೆಯುವ ಸಾಧ್ಯತೆ ಜಾಸ್ತಿ. ಸ್ಟೀಮ್ ಎದ್ದು ಬಂದು ಲಾಗಿನ್ ಕೇಳಿದರೆ ಆ ಗೇಮ್ ಅದಕ್ಕೆ ಅಂಟಿಕೊಂಡಿದೆ ಅಂತ ಅರ್ಥ.

ಹೌದು, ಸ್ಟೀಮೂ ಒಂದು ಅಂಗಡಿಯೇ. ನನಗೆ ಇಷ್ಟದ ಅಂಗಡಿ, ಆದರೆ ಸಂತ ಅಲ್ಲ. ಮಾರಾಟದಲ್ಲಿ ಮಾಮೂಲಿಯಾಗಿ ನೂರಕ್ಕೆ 30 ಪಾಲು ಅದಕ್ಕೆ ಹೋಗುತ್ತದೆ. 2024ರ ಅಕ್ಟೋಬರ್‌ನಿಂದ ಕಾರ್ಟ್‌ನಲ್ಲೇ ಸ್ಪಷ್ಟವಾಗಿ ಹಾಕಿದ್ದಾರೆ: ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್.

ವೈರ್ ಪರೀಕ್ಷೆ

ಗೇಮನ್ನು ನೆಟ್ ಇದ್ದಾಗ ಒಮ್ಮೆ ತೆರೆದು, ಮುಖ್ಯ ಮೆನು ಬಂದ ಮೇಲೆ ಮುಚ್ಚಿ. ಡೆನುವೋ ಹಾಕಿದ ಗೇಮ್‌ಗಳಿಗೆ ಮೊದಲ ಸಲ ನೆಟ್ ಬೇಕೇ ಬೇಕು. ಆಮೇಲೆ ಸ್ಟೀಮ್ ಮೆನುವಿನಲ್ಲಿ 'ಗೋ ಆಫ್‌ಲೈನ್' ಕೊಡಿ. ಅಷ್ಟಕ್ಕೇ ಬಿಡಬೇಡಿ, ನೆಟ್ ವೈರನ್ನೇ ಕಿತ್ತುಬಿಡಿ. ವೈಫೈ ಆದರೆ ರೌಟರ್ ಆಫ್ ಮಾಡಿ, ಮನೆಯವರಿಗೆ ಹೇಳಿ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಗೇಮ್ ತೆರೆಯಿರಿ. ಹತ್ತು ನಿಮಿಷ ಆಡಿ, ಸೇವ್ ಮಾಡಿ, ಮತ್ತೆ ಲೋಡ್ ಮಾಡಿ. ಮೆನು ಬಂದು, ಹೊಸ ಆಟ ಶುರು ಮಾಡುವ ಹೊತ್ತಿಗೆ 'ಸರ್ವರ್ ಸಿಗುತ್ತಿಲ್ಲ' ಅನ್ನುವ ಗೇಮ್‌ಗಳೂ ಇವೆ. ಅದಕ್ಕೇ ಹತ್ತು ನಿಮಿಷ.

ಸೇವ್ ಫೈಲ್ ಹುಡುಕಾಟ

ಇಲ್ಲಿ ತಪ್ಪು ಪೂರ್ತಿ ನನ್ನದು. ಒಮ್ಮೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವಾಗ ಗೇಮ್ ಫೋಲ್ಡರ್‌ಗಳನ್ನೆಲ್ಲ ಜೋಪಾನವಾಗಿ ಕಾಪಿ ಮಾಡಿದೆ. ಎಲ್ಲ ಬಂತು ಅಂದುಕೊಂಡೆ. ವಾಪಸ್ ಹಾಕಿ ತೆರೆದರೆ, ತೊಂಬತ್ತು ಗಂಟೆ ಕೂತು ಕಟ್ಟಿದ ಊರಿನ ಜಾಗದಲ್ಲಿ 'ಹೊಸ ಆಟ' ಅನ್ನುವ ಒಂದೇ ಬಟನ್. ಆ ಗೇಮ್‌ಗೆ ಕ್ಲೌಡ್ ಸೇವ್ ಇರಲಿಲ್ಲ. ಸೇವ್ ಇದ್ದದ್ದು ಗೇಮ್ ಫೋಲ್ಡರ್‌ನಲ್ಲಿ ಅಲ್ಲ, ಆ್ಯಪ್‌ಡೇಟಾ ಒಳಗಿನ ಲೋಕಲ್‌ಲೋ ಅನ್ನುವ ಅಡಗಿದ ಫೋಲ್ಡರ್‌ನಲ್ಲಿ. ಯೂನಿಟಿ ಅನ್ನುವ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಗೇಮ್‌ಗಳು ಹೆಚ್ಚಾಗಿ ಅಲ್ಲೇ ಇಡುತ್ತವೆ.

ಹೀಗೆ ಹುಡುಕಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಆ್ಯಪ್‌ಡೇಟಾ ಅನ್ನುವ ಪದವನ್ನು ಇಂಗ್ಲಿಷ್‌ನಲ್ಲಿ, ಹಿಂದೆ ಮುಂದೆ ಒಂದೊಂದು ಪರ್ಸೆಂಟ್ ಗುರುತು ಹಾಕಿ ಟೈಪ್ ಮಾಡಿ. ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಒಂದು ಮೆಟ್ಟಿಲು ಮೇಲೆ ಹೋದರೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಮೂರೂ ಕಾಣುತ್ತವೆ. ಮೂರರಲ್ಲೂ ಗೇಮ್ ಹೆಸರು ಅಥವಾ ಅದನ್ನು ಮಾಡಿದ ಕಂಪನಿಯ ಹೆಸರು ನೋಡಿ. ಸಿಗದಿದ್ದರೆ ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಆಮೇಲೆ ಸೇವ್ಡ್ ಗೇಮ್ಸ್. ಫೋಲ್ಡರನ್ನು 'ಡೇಟ್ ಮಾಡಿಫೈಡ್' ಪ್ರಕಾರ ಜೋಡಿಸಿ. ಈಗಷ್ಟೇ ಸೇವ್ ಮಾಡಿದ್ದೀರಲ್ಲ, ಅದು ಮೇಲೆ ಬಂದು ಕೂರುತ್ತದೆ.

ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ಗೇಮ್ ಆದರೆ ಲೋಕಲ್ ಒಳಗೆ ಪ್ಯಾಕೇಜಸ್ ಅನ್ನುವ ಕಡೆ ನೋಡಿ. ಅಲ್ಲಿನ ಸೇವ್ ಫೈಲ್‌ಗಳ ಹೆಸರು ಅಂಕಿ, ಅಕ್ಷರಗಳ ಉದ್ದ ಸರಮಾಲೆಯಾಗಿರುತ್ತದೆ. ಅದನ್ನು ಸ್ಟೀಮ್ ಪ್ರತಿಗೆ ಹಾಗೇ ಹಾಕಿದರೆ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕೆಲವು ಗೇಮ್‌ಗಳಿಗೆ ಜನ ಬದಲಿಸುವ ಟೂಲ್ ಮಾಡಿದ್ದಾರೆ. ಗೇಮ್ ಪಾಸ್‌ನಲ್ಲಿ (ಮೈಕ್ರೋಸಾಫ್ಟ್‌ನ ಚಂದಾ ಸೇವೆ) ಆಡಿ, ಇಷ್ಟವಾದರೆ ಬೇರೆ ಕಡೆ ಕೊಳ್ಳೋಣ ಅನ್ನುವ ಲೆಕ್ಕದವರು ಐವತ್ತು ಗಂಟೆ ಆಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

ಎಲ್ಲವನ್ನೂ ಕೈಯಲ್ಲೇ ಹುಡುಕುವ ತಾಳ್ಮೆ ಇಲ್ಲವಾ? ಲುಡುಸಾವಿ ಅನ್ನುವ ಉಚಿತ, ಓಪನ್ ಸೋರ್ಸ್ ಟೂಲ್ ಇದೆ. ಸೇವ್‌ಗಳನ್ನು ತಾನೇ ಹುಡುಕಿ ಒಂದೇ ಕಡೆ ಬ್ಯಾಕಪ್ ಮಾಡುತ್ತದೆ. ನಾನು ವಾರಕ್ಕೊಮ್ಮೆ ಓಡಿಸುತ್ತೇನೆ. ಆದರೂ ಹೊಸ ಗೇಮ್‌ನ ಮೊದಲ ಸೇವನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡವನಿಗೆ ಅಷ್ಟು ಹೆದರಿಕೆ ಇರಲೇಬೇಕು.

ಇನ್‌ಸ್ಟಾಲರ್ ನಿಮ್ಮ ಡಿಸ್ಕ್‌ನಲ್ಲಿರಲಿ

ಒಂದೇ ಗೇಮ್ ಎರಡು ಕಡೆ ಸಿಗುತ್ತಿದ್ದರೆ ನಾನು ಜಿಒಜಿ ಅನ್ನುವ ಸ್ಟೋರ್ ಕಡೆ ವಾಲುತ್ತೇನೆ. ಅಲ್ಲಿ ಗೇಮ್‌ಗಳಿಗೆ ಡಿಆರ್‌ಎಂ ಇಲ್ಲ, ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತಾರೆ. ಅವರ ಗ್ಯಾಲಕ್ಸಿ ಆ್ಯಪ್ ಬೇಕೆಂದೇನಿಲ್ಲ, ಬ್ರೌಸರ್‌ನಲ್ಲೇ ಇಳಿಸಿಕೊಳ್ಳಬಹುದು. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲ್, ಜೊತೆಗೆ ಬಿನ್ ಅಂತ ಕೊನೆಯಾಗುವ ಹಲವು ಭಾಗಗಳು. ಒಂದು ಭಾಗ ಬಿಟ್ಟರೂ ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ಲುತ್ತದೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಬೇಕು. ಇಳಿಸಿದ ಮೇಲೆ ನೆಟ್ ತೆಗೆದು ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ಹೊಸ ಪ್ಯಾಚ್ ಬಂದಾಗ ಹೊಸ ಇನ್‌ಸ್ಟಾಲರ್ ಇಳಿಸಿ, ಹಳೆಯದನ್ನು ಕೂಡಲೇ ಅಳಿಸಬೇಡಿ. ಮಾಡ್‌ಗಳು ಎಷ್ಟೋ ಸಲ ಹಳೆಯ ಆವೃತ್ತಿಗೇ ಹೊಂದುತ್ತವೆ. ಇದಕ್ಕೆಲ್ಲ ಡಿಸ್ಕ್ ಜಾಗ ಬೇಕು, ಅದೊಂದೇ ಖರ್ಚು.

ಬೀದಿಗೇ ಬೀಗ ಬಿದ್ದರೆ

ವಾಲ್ವ್‌ಗೆ 2012ರಲ್ಲಿ ಹುಟ್ಟಿದ ಹೆದರಿಕೆಯಿಂದ ನಮಗೊಂದು ಲಾಭ ಆಯಿತು. 2013ರಲ್ಲಿ ಲಿನಕ್ಸ್‌ಗೆ (ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ) ಸ್ಟೀಮ್ ತಂದರು, 2018ರಲ್ಲಿ ಪ್ರೋಟಾನ್, 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್. ಪ್ರೋಟಾನ್ ಅಂದರೆ ವಿಂಡೋಸ್‌ಗೆ ಮಾಡಿದ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಸೇತುವೆ. ನಿಮ್ಮ ಗೇಮ್‌ಗಳು ನಡೆಯುತ್ತವೆಯೇ ಅಂತ ಪ್ರೋಟಾನ್ ಡಿಬಿ ಅನ್ನುವ ಸೈಟ್‌ನಲ್ಲಿ ನೋಡಿ. ಒಬ್ಬರೇ ಆಡುವ ಗೇಮ್‌ಗಳು ಬಹಳಷ್ಟು ನಡೆಯುತ್ತವೆ. ಆ್ಯಂಟಿ-ಚೀಟ್ ಇರುವ ಆನ್‌ಲೈನ್ ಗೇಮ್‌ಗಳಲ್ಲಿ ಹಲವು ನಡೆಯುವುದಿಲ್ಲ. ಅಂಥದ್ದೇ ಆದ ವ್ಯಾಲರಂಟ್ ಆಡುವವರು ವಿಂಡೋಸ್ ಬಿಡುವ ಹಾಗಿಲ್ಲ. ಜಿಒಜಿ, ಎಪಿಕ್ ಗೇಮ್‌ಗಳಿಗೆ ಲಿನಕ್ಸ್‌ನಲ್ಲಿ ಹೀರೋಯಿಕ್ ಲಾಂಚರ್ ಹಾಕಿಕೊಳ್ಳಿ. ಈಗಿರುವ ವಿಂಡೋಸ್ ತೆಗೆಯದೆ, ಇನ್ನೊಂದು ಎಸ್‌ಎಸ್‌ಡಿಯಲ್ಲಿ ಪ್ರಯತ್ನಿಸಿದರೆ ನೆಮ್ಮದಿ.

ನಾನು ಹೋದ ತಿಂಗಳು ಹಾಗೇ ಮಾಡಿದೆ. ಮೊದಲು ಹಾಕಿದ್ದು ಆ ಹಳೆಯ ಗೇಮನ್ನೇ, ಮಾಡ್ ಹಾಕಲು ಬಿಡುವ ಹಳೆಯ ಪ್ರತಿಯನ್ನು. ಫೋಲ್ಡರ್ ತೆರೆದು ಬ್ಯಾಕಪ್‌ನಿಂದ ಎರಡು ಫೈಲ್ ಎಳೆದು ಹಾಕಿದೆ, ಯಾರ ಅನುಮತಿಯನ್ನೂ ಕೇಳಲಿಲ್ಲ. ಗೋಡೆಯ ಹಿಂದಿನಿಂದ ಒಬ್ಬ ಬಂದ, ತಲೆ ಮೇಲೆ ನೀಲಿ ಗುರುತು. ಈ ಸಲ ಶತ್ರು ಅಂತ ತಕ್ಷಣ ಗೊತ್ತಾಯಿತು. ಆದರೂ ಸತ್ತೆ. ಅಭ್ಯಾಸ ತಪ್ಪಿದೆ.