ಸ್ಟಾರ್ ಎಣಿಸುವ ಮೊದಲು ಜಾಗ ನೋಡಿ

ಅಮೆರಿಕದಲ್ಲಿ ಡಿಸೆಂಬರ್ ಬಂತೆಂದರೆ ಹೈಸ್ಕೂಲ್ ಹುಡುಗರು ಕಾಲೇಜ್ ಫುಟ್‌ಬಾಲ್ (ಅಂದರೆ ಅಮೆರಿಕನ್ ಫುಟ್‌ಬಾಲ್) ತಂಡಗಳಿಗೆ ಸಹಿ ಹಾಕುತ್ತಾರೆ. ಯಾವ ಕಾಲೇಜಿಗೆ ಎಷ್ಟು ಫೈವ್ ಸ್ಟಾರ್ ಆಟಗಾರರು ಸಿಕ್ಕರು ಎಂಬ ಪಟ್ಟಿಯೂ ಜೊತೆಗೇ ಬರುತ್ತದೆ. ನಿಮ್ಮ ಮಕ್ಕಳು ಅಲ್ಲಿ ಓದುತ್ತಿದ್ದರೆ ನೀವೂ ಅದನ್ನು ನೋಡಿರುತ್ತೀರಿ. ಆದರೆ ಸುಮ್ನೆ ಸ್ಟಾರ್ ಕೂಡಿಸಿದರೆ ತಂಡದ ಬಲ ತಿಳಿಯುವುದಿಲ್ಲ.

1. ಸ್ಟಾರ್ ಏನೆಂದು ತಿಳಿಯಿರಿ. ಹೈಸ್ಕೂಲ್ ಆಟಗಾರರಿಗೆ ರೇಟಿಂಗ್ ಕೊಡುವ 247ಸ್ಪೋರ್ಟ್ಸ್ ಎಂಬ ವೆಬ್‌ಸೈಟ್ ವರ್ಷಕ್ಕೆ ಸುಮಾರು 32 ಮಂದಿಗೆ ಮಾತ್ರ ಐದು ಸ್ಟಾರ್ ಕೊಡುತ್ತದೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾಗುವವರೂ 32 ಮಂದಿಯೇ. ಅಂದರೆ ಸ್ಟಾರ್ ಇವತ್ತಿನ ಆಟಕ್ಕೆ ಕೊಟ್ಟ ಅಂಕವಲ್ಲ, ಮುಂದೆ ಎಷ್ಟು ಬೆಳೆಯಬಹುದು ಎಂಬ ಅಂದಾಜು.

2. ಆಡುವ ಜಾಗಕ್ಕೆ ಬೆಲೆ ಕಟ್ಟಿ. ಇದೇ ಮುಖ್ಯ. ಚೆಂಡು ಎಸೆದು ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಮೊದಲ ಸ್ಥಾನ, ಇದರಲ್ಲಿ ಎರಡು ಮಾತಿಲ್ಲ. ಆದರೆ ಮೈದಾನದಲ್ಲಿ ಆಡುವವನು ಒಬ್ಬನೇ. ಆದ್ದರಿಂದ ಒಳ್ಳೆಯವರು ಇಬ್ಬರಿದ್ದರೆ ಒಬ್ಬ ಬೇರೆ ಕಾಲೇಜಿಗೆ ಹೋಗುವ ಸಾಧ್ಯತೆ ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಓಹಾಯೊ ಸ್ಟೇಟ್‌ನಲ್ಲಿ ಜಾಗ ಸಿಗದೆ 2018ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಹೋದರು. ಮರುವರ್ಷದ ಋತುವಿನಲ್ಲಿ ಎಲ್‌ಎಸ್‌ಯು 15 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು.

ಆಮೇಲೆ ನಾನು ನೋಡುವುದು ದಾಳಿ, ರಕ್ಷಣೆ ಎರಡೂ ಕಡೆಯ ಲೈನ್‌ಗಳನ್ನು, ಅಂದರೆ ಎದುರುಬದುರಾಗಿ ನಿಲ್ಲುವ ಮುಂದಿನ ಸಾಲುಗಳನ್ನು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಫೆನ್ಸಿವ್ ಟ್ಯಾಕಲ್, ಅವನ ಮೇಲೆ ನುಗ್ಗುವ ಎಡ್ಜ್ ರಷರ್, ನಡುವೆ ಗೋಡೆಯಂತೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್. 135 ಕಿಲೋ ತೂಗುತ್ತಾ ಚುರುಕಾಗಿ ಕಾಲು ಆಡಿಸುವ 18ರ ಹುಡುಗರು ದೇಶದಲ್ಲೇ ಕಡಿಮೆ, ಅಲ್ವಾ? ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳು ಹಾಗಲ್ಲ. ಒಳ್ಳೆಯವರು ಎಲ್ಲಾ ಕಡೆ ಸಿಗುತ್ತಾರೆ. ಹಾಗಾಗಿ ಫೋರ್ ಸ್ಟಾರ್ ಡಿಫೆನ್ಸಿವ್ ಟ್ಯಾಕಲ್ ಮತ್ತು ಫೈವ್ ಸ್ಟಾರ್ ರನ್ನಿಂಗ್ ಬ್ಯಾಕ್ ನಡುವೆ ಒಬ್ಬನನ್ನು ಆರಿಸು ಎಂದರೆ ನಾನು ಟ್ಯಾಕಲ್ ಆರಿಸುತ್ತೇನೆ.

3. ಇಡೀ ಪಂದ್ಯ ನೋಡಿ. ಹೈಲೈಟ್ಸ್‌ನಲ್ಲಿ ಎಲ್ಲರೂ ಹೀರೋಗಳೇ. ಸೋತ ಪಂದ್ಯದಲ್ಲಿ, ಬಲವಾದ ಎದುರಾಳಿಯ ಮುಂದೆ ಹುಡುಗ ಹೇಗೆ ಆಡಿದ ಎಂದು ನೋಡಿ. 40 ಗಜದ ಓಟದ ಸಮಯವನ್ನು ಸ್ಟಾಪ್‌ವಾಚ್ ಹಿಡಿದು ಅಳೆದಿದ್ದರೆ ಪೂರ್ತಿ ನಂಬಬೇಡಿ. ಶಾಲಾ ಕ್ರೀಡಾಕೂಟದ 100 ಮೀಟರ್ ಫಲಿತಾಂಶ ಇದ್ದರೆ ಅದೇ ಮೇಲು. ಲೈನ್‌ನಲ್ಲಿ ಆಡುವ ಲೈನ್‌ಮನ್ ಆದರೆ ಕುಸ್ತಿ, ಶಾಟ್‌ಪುಟ್, ಬ್ಯಾಸ್ಕೆಟ್‌ಬಾಲ್ ಆಡಿದ್ದಾನಾ ಕೇಳಿ. ಸಮತೋಲನ, ಸ್ಫೋಟಕ ಶಕ್ತಿ, ಕಾಲಿನ ಚುರುಕು ಅಲ್ಲಿ ಕಾಣುತ್ತವೆ.

4. ಜಾಗ ಬದಲಾಗಬಹುದು, ನೆನಪಿಡಿ. ಎನ್‌ಎಫ್‌ಎಲ್ ಆಟಗಾರ ಲೇನ್ ಜಾನ್ಸನ್ ಹೈಸ್ಕೂಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ಒಕ್ಲಹೋಮಾ ಯೂನಿವರ್ಸಿಟಿಯಲ್ಲಿ ಆಫೆನ್ಸಿವ್ ಟ್ಯಾಕಲ್ ಆಗಿ, 2013ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದರು. ಮುಂದೆ ಡಿಫೆನ್ಸಿವ್ ಲೈನ್‌ನಲ್ಲಿ ಹೆಸರು ಮಾಡಿದ ಜೆ.ಜೆ. ವಾಟ್ ಕೂಡ ಕಾಲೇಜಿಗೆ ಬಂದದ್ದು ಟೈಟ್ ಎಂಡ್ ಆಗಿ, ಅಂದರೆ ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ದಾಳಿ ಕಡೆಯ ಆಟಗಾರನಾಗಿ. ಎತ್ತರ, ಉದ್ದನೆಯ ತೋಳು, ಮೈ ತುಂಬಿಕೊಳ್ಳಲು ಅವಕಾಶ ಇರುವ ಹುಡುಗನನ್ನು ಇವತ್ತಿನ ಜಾಗಕ್ಕೆ ಮಾತ್ರ ಕಟ್ಟಿಹಾಕಬೇಡಿ.

5. ನಾಲ್ಕು ವರ್ಷದ ಲೆಕ್ಕ ಇಡಿ. ಒಂದು ವರ್ಷದ ಪಟ್ಟಿ ಸಾಲದು. ಸಹಿ ಹಾಕಿದವರಲ್ಲಿ ಫೋರ್ ಮತ್ತು ಫೈವ್ ಸ್ಟಾರ್ ಪಾಲು ಎಷ್ಟು ಎಂದು ನಾಲ್ಕು ವರ್ಷಕ್ಕೂ ಸೇರಿಸಿ ನೋಡಿ. ಇದಕ್ಕೆ ಬ್ಲೂ ಚಿಪ್ ರೇಶಿಯೊ ಎನ್ನುತ್ತಾರೆ. ಅದು ಅರ್ಧಕ್ಕಿಂತ ಜಾಸ್ತಿ ಇರುವ ತಂಡಗಳೇ ಸಾಮಾನ್ಯವಾಗಿ ರಾಷ್ಟ್ರೀಯ ಚಾಂಪಿಯನ್ ಆಗಿವೆ. ಆಮೇಲೆ ಅದೇ ಆಟಗಾರರನ್ನು ಜಾಗದ ಪ್ರಕಾರ ವಿಂಗಡಿಸಿ, ಬೇರೆ ಕಾಲೇಜಿಗೆ ಹೋದವರನ್ನು ಹೊಡೆದುಹಾಕಿ. ಟ್ಯಾಕಲ್‌ಗಳ ಸಾಲು ಖಾಲಿ ಕಂಡರೆ, ಮುಂದಿನ ವರ್ಷದ ತೊಂದರೆ ಅಲ್ಲೇ ಇದೆ.