ಏರು ಎಷ್ಟು ಕಡಿದು? ಮಕ್ಕಳೇ ಹುಡುಕಿದ ಅಳತೆ

ಒಂಬತ್ತನೇ ಕ್ಲಾಸಿಗೆ ಈ ಸಲ ಇಳಿಜಾರಿನ ಸೂತ್ರ ಹೇಳಿಕೊಡಲಿಲ್ಲ. ಟೇಪು ಕೊಟ್ಟು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಶಾಲೆಯ ಮುಂದಿನ ಮೆಟ್ಟಿಲು ಒಂದೊಂದೂ 15 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ಟೆರೇಸಿಗೆ ಹತ್ತುವುದು 20 ಎತ್ತರ, 25 ಅಗಲ. ಯಾವುದು ಜಾಸ್ತಿ ಕಡಿದು ಅಂತ ಮೊಣಕಾಲಿಗೇ ಗೊತ್ತಾಗುತ್ತದೆ. ‘ಅದನ್ನೇ ಒಂದು ಸಂಖ್ಯೆಯಲ್ಲಿ ಹೇಳಿ’ ಅಂದೆ.

ಅಗಲದಲ್ಲಿ ಎತ್ತರ ಕಳೆದರು. 15 ಮತ್ತು 5. ಕಡಿಮೆ ಬಂದದ್ದು ಹೆಚ್ಚು ಕಡಿದು. ಸರಿಯಾಗಿಯೇ ಇತ್ತು, ಎಲ್ಲರಿಗೂ ಖುಷಿ. ಅಷ್ಟರಲ್ಲಿ ಒಬ್ಬಳು ಎರಡು ಮೆಟ್ಟಿಲು ಸೇರಿಸಿ ಅಳೆದಳು. ಎತ್ತರ 30, ಅಗಲ 60, ವ್ಯತ್ಯಾಸ 30.

‘ಸರ್, ಮೆಟ್ಟಿಲು ಅದೇ. ಉತ್ತರ ಯಾಕೆ ಬೇರೆ?’

ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಐದು ನಿಮಿಷ ಗುಸುಗುಸು. ಆಮೇಲೆ ಅವಳೇ ಭಾಗಿಸಿ ನೋಡಿದಳು. 15/30 ಆದರೂ 30/60 ಆದರೂ 0.5. ಟೆರೇಸಿನದು 0.8. ಅವತ್ತಿನಿಂದ ಯಾರು ಯಾವ ಅಳತೆ ತಂದರೂ ಮೊದಲು ‘ಎರಡು ಮೆಟ್ಟಿಲ ಪರೀಕ್ಷೆ’ ಪಾಸಾಗಬೇಕು.

ಇನ್ನೊಂದು ಗುಂಪು ತಿರುಗಿಸಿ ಭಾಗಿಸಿತ್ತು, ಅಗಲವನ್ನು ಎತ್ತರದಿಂದ. ಅದೂ ಪಾಸು. ರೈಲ್ವೆಯವರು ಹೇಳುವುದೂ ಹೆಚ್ಚುಕಡಿಮೆ ಹಾಗೇ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಆದರೆ ಏರು ಹೆಚ್ಚಿದಷ್ಟೂ ಇವರ ಸಂಖ್ಯೆ ಇಳಿಯುತ್ತದೆ. ಸಮತಟ್ಟು ನೆಲಕ್ಕೆ ಬಂದರೆ ಸೊನ್ನೆಯಿಂದ ಭಾಗಿಸಬೇಕು. ಎತ್ತರವನ್ನು ಅಗಲದಿಂದ ಭಾಗಿಸಿದರೆ ನೆಲಕ್ಕೆ ಸೊನ್ನೆ ಸಿಗುತ್ತದೆ, ಗೋಡೆಗೆ ಮಾತ್ರ ಉತ್ತರವಿಲ್ಲ. ‘ನಡೆಯೋದು ನೆಲದ ಮೇಲೆ ಅಲ್ವಾ ಸರ್’ ಅಂತ ಒಬ್ಬ ತೀರ್ಪು ಕೊಟ್ಟ.

ನನಗೆ ತುಂಬಾ ಇಷ್ಟವಾದದ್ದು ದಾರ ಹಿಡಿದ ಗುಂಪಿನದು. ಮೆಟ್ಟಿಲ ಮೂಲೆಯಿಂದ ಮೂಲೆಗೆ ದಾರ ಎಳೆದು, ಎತ್ತರವನ್ನು ಆ ಓರೆ ಉದ್ದದಿಂದ ಭಾಗಿಸಿದರು. ಗೋಡೆಗೂ ಉತ್ತರ ಬಂತು: 1! ಗಾಲಿಕುರ್ಚಿಯ ರ‍್ಯಾಂಪಿನಂಥ 12ಕ್ಕೆ 1 ಏರಿನಲ್ಲಿ ಅಗಲದಿಂದ ಭಾಗಿಸಿದರೂ ಓರೆ ಉದ್ದದಿಂದ ಭಾಗಿಸಿದರೂ ವ್ಯತ್ಯಾಸವೇ ಇಲ್ಲ ಅನ್ನಬೇಕು, 0.0833 ಮತ್ತು 0.0830. ರಸ್ತೆಯಲ್ಲಿ ಓರೆ ಉದ್ದ ಅಳೆಯುವುದೇ ಸುಲಭ ಕೂಡ. ಇದನ್ನು ತಪ್ಪು ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ, ಅನ್ನಲೂ ಇಲ್ಲ.

ಕೊನೆಗೆ ಕೋನಮಾಪಕ ಹಿಡಿದವನ ಪ್ರಶ್ನೆ: ‘ಕೋನ ಎರಡರಷ್ಟಾದರೆ ಏರೂ ಎರಡರಷ್ಟಾ ಸರ್?’ 30 ಡಿಗ್ರಿ, 60 ಡಿಗ್ರಿ ಬರೆದು ಅಳೆಯಲು ಹೇಳಿದೆ. ಎತ್ತರ ಭಾಗಿಸು ಅಗಲ ಸುಮಾರು 0.58, ಆಮೇಲೆ 1.73. ಮೂರರಷ್ಟು! ತಪ್ಪಾಯಿತು ಅಂದುಕೊಂಡು ಅವನು ಇನ್ನೊಮ್ಮೆ ಬರೆಯಲು ಕೂತ.